ನುಡಿಸಿ ನೋಡ್ರಿ

ಫಕೀರೇಶ ಊರೂರಿನ ನಾಟಕಗಳಿಗೆ ಸಂಗೀತ ಕೊಡುವವನು. ವೈರ್ ಚುಚ್ಚಿ, ಗುಂಡಿ ತಿರುವಿ ನಾದ ಕಟ್ಟುವಂಥ ಸೆಮಿ-ಮಾಡ್ಯುಲರ್ ಅನಲಾಗ್ ಸಿಂಥಸೈಜರ್ ಎಂಬ ವಿದ್ಯುತ್ ವಾದ್ಯವೊಂದನ್ನು ಕೊಳ್ಳಬೇಕೋ ಬೇಡವೋ ಎಂದು ಆರು ತಿಂಗಳಿಂದ ತಲೆ ಕೆಡಿಸಿಕೊಂಡಿದ್ದ. ಧಾರವಾಡದ ನಿವೃತ್ತ ಬ್ಯಾಂಕ್ ಅಧಿಕಾರಿ ಗುರುಪಾದಪ್ಪ ತಮ್ಮದನ್ನು ಅರ್ಧ ಬೆಲೆಗೆ ಮಾರುತ್ತಾರೆಂದು ತಿಳಿದು ಅವರ ಮನೆಗೆ ಹೋದ.

"ರಿಟೈರ್ ಆದಮ್ಯಾಲೆ ಹುರುಪಿನ್ಯಾಗ ತಗೊಂಡೆ," ಎಂದರು ಗುರುಪಾದಪ್ಪ. "ಎರಡು ವರ್ಷ ತಿರುವೇ ತಿರುವಿದೆ. ಬೆಕ್ಕು ಜಗಳಾಡಿದಂಗ ಸಪ್ಪಳಾ ಬಿಟ್ರ ಏನೂ ಬರಲಿಲ್ಲ."

"ಖರೇ ಹೇಳ್ರಿ ಸರ, ಇದು ತಗೊಳ್ಳಾಕ ಯೋಗ್ಯ ಐತೇನ್ರಿ?"

"ನಾ ಏನ್ ಹೇಳ್ಲಿ? ನೀವ ನುಡಿಸಿ ನೋಡ್ರಿ."

ಫಕೀರೇಶ ಎರಡು ವೈರ್ ಚುಚ್ಚಿ ಕೀಲಿಮಣೆಯ ಒಂದು ಕೀಲಿ ಒತ್ತಿದ. ಗೊರಗೊರ ಎಂದಿತು. ವೈರ್ ಬದಲಿಸಿ, ಒಂದು ಗುಂಡಿಯನ್ನು ಕೂದಲೆಳೆಯಷ್ಟು ತಿರುಗಿಸಿ ಮತ್ತೆ ಒತ್ತಿದ. ದೂರದ ಕಣಿವೆಯಲ್ಲಿ ಯಾರೋ ಕೊಂಬು ಊದಿದಂಥ ನಾದ ಎದ್ದು ಕೋಣೆಯನ್ನೆಲ್ಲ ತುಂಬಿತು. ಗುರುಪಾದಪ್ಪನವರ ಹೆಂಡತಿ ಹಿಟ್ಟಿನ ಕೈಯಲ್ಲೇ ಅಡುಗೆಮನೆಯಿಂದ ಬಂದು ಬಾಗಿಲಲ್ಲಿ ನಿಂತರು. ಅವನು ಹತ್ತು ನಿಮಿಷ ನುಡಿಸಿದ. ಗುರುಪಾದಪ್ಪ ಕುರ್ಚಿ ಎಳೆದುಕೊಂಡು ಹತ್ತಿರ ಬಂದು ಕೂತರು.

ಫಕೀರೇಶನ ಆರು ತಿಂಗಳ ಗೊಂದಲ ಆ ಹತ್ತು ನಿಮಿಷದಲ್ಲಿ ಕರಗಿಹೋಗಿತ್ತು.

"ತಗೋತೀನ್ರಿ ಸರ," ಎಂದವನೇ ವೈರ್ ಬಿಚ್ಚಲು ಕೈ ಚಾಚಿದ.

ಗುರುಪಾದಪ್ಪ ಗಬಕ್ಕನೆ ಅವನ ಕೈ ಹಿಡಿದುಕೊಂಡರು.

"ಆ ವೈರ್ ಮುಟ್ಟಬ್ಯಾಡ್ರಿ, ಹಂಗ ಇರ್ಲಿ. ಇನ್ನ ಇದನ್ನ ನಾ ಯಾರಿಗೂ ಕೊಡಂಗಿಲ್ರಿ."