ಅತ್ತೆ ಜೋರಾಗಿ ಓದಿದ ಪುಟ

ಒಣಮೀನಿನ ವಾಸನೆ ಮೂಗಿಗೆ ಬಡಿದರೆ ಇಂದಿಗೂ ನನಗೆ ಹಾರವಾಡದ ನಮ್ಮ ಜಗುಲಿಯ ಆ ಮಧ್ಯಾಹ್ನ ನೆನಪಾಗುತ್ತದೆ.

ಕೇರಿಗೆ ಮೊಬೈಲ್ ಆಗಷ್ಟೇ ಬಂದ ಕಾಲ. ನಮ್ಮ ಮನೆಯಲ್ಲೇ ಇದ್ದು ಮೀನು ಮಾರುತ್ತಿದ್ದ ಸೋದರತ್ತೆ ಪ್ರತಿ ತಿಂಗಳೂ ಅಂಕೋಲೆಯಿಂದ ಹೆಂಗಸರ ಒಂದು ಆರೋಗ್ಯ ಪತ್ರಿಕೆ ತಂದು ಓದುತ್ತಿದ್ದಳು. ಕೇಳಲು ಕೇರಿಯ ಹೆಂಗಸರೆಲ್ಲ ಸೇರುತ್ತಿದ್ದರು. ಬರಬರುತ್ತ ಪತ್ರಿಕೆ ತೆಳ್ಳಗಾಯಿತು. ಓದುಗರ ಪ್ರಶ್ನೆಗೆ ವೈದ್ಯರು ಉತ್ತರ ಕೊಡುತ್ತಿದ್ದ ಜಾಗದಲ್ಲಿ ಬೆಳ್ಳಗಾಗುವ ಕ್ರೀಮಿನ ಜಾಹೀರಾತು ತುಂಬಿತು. ಆ ದಿನ ಅತ್ತೆ ಬರಿಗೈಯಲ್ಲಿ ಬಂದಳು.

"ಪತ್ರಿಕೆ ನಿಂತೇ ಹೋಯ್ತಂತೆ."

"ಒಳ್ಳೇದಾಯ್ತು," ಎಂದ ಅಜ್ಜ. "ಮುಟ್ಟಿನ ಸುದ್ದಿ ಜಗುಲಿ ಮೇಲೆ ಓದೂದು ಎಂತ ಮರ್ಯಾದೆ? ಆ ಹಳೇ ಪತ್ರಿಕೆ ಕಟ್ಟು ತಾ, ಮೀನು ಕಟ್ಟೂಕೆ ಆಗ್ತದೆ."

ಅತ್ತೆ ಕಟ್ಟು ತಂದಳು, ಅಜ್ಜನಿಗೆ ಕೊಡಲಿಲ್ಲ. "ಪತ್ರಿಕೆ ನಿಂತ್ರೆ ನಮ್ಮ ಹೊಟ್ಟೆನೋವು ನಿಲ್ತದ್ಯಾ ಅಪ್ಪಾ?" ಎಂದು ಅವನೆದುರೇ ಕಾಲು ಚಾಚಿ ಕುಳಿತು, ಮುಟ್ಟಿನ ಪುಟವನ್ನೇ ಹುಡುಕಿ, ಎಂದಿಗಿಂತ ಜೋರಾಗಿ ಓದತೊಡಗಿದಳು. ಅಂಗಳದಲ್ಲಿ ಹಿಂಜರಿದು ನಿಂತಿದ್ದ ಹೆಂಗಸರು ಒಬ್ಬೊಬ್ಬರಾಗಿ ಜಗುಲಿ ಏರಿದರು. ಅಜ್ಜನೆದುರು ಎಂದೂ ಕೂರದ ಅಮ್ಮ ಒಳಗಿನಿಂದ ಬಂದು, ನನ್ನನ್ನು ಮಡಿಲಿಗೆಳೆದುಕೊಂಡು ಕುಳಿತಳು.

"ಅತ್ತಿಗೆ, ಇನ್ನೊಂದ್ಸಲ ಓದಿ," ಎಂದಳು. "ಒಳಗೆ ಸರಿ ಕೇಳ್ಲಿಲ್ಲ."