ಬೇಲಿಯಾಚೆಯ ಆಕಾಶ

ಉತ್ತರದ ಆಕಾಶ ಕೆಂಪಾಗಿದ್ದನ್ನು ಅಡುಗೆಮನೆಯ ಕಿಟಕಿಯಿಂದ ಕಂಡದ್ದೇ ತಡ, ಜಯಾ ಒಲೆ ಆರಿಸಿ, ಪಾಸ್‌ಪೋರ್ಟುಗಳಿದ್ದ ಚೀಲವನ್ನು ಹೆಗಲಿಗೇರಿಸಿ ಮಗಳ ಕೈ ಹಿಡಿದಳು. ಐದು ವರ್ಷಗಳ ಹಿಂದೆ, 1967ರಲ್ಲಿ, ಅವಳು ಡೆಟ್ರಾಯಿಟ್‌ಗೆ ಬಂದ ಬೇಸಿಗೆಯಲ್ಲೇ ಕಪ್ಪು ಜನರಿಗೂ ಪೊಲೀಸರಿಗೂ ನಡುವೆ ಗಲಭೆಯೆದ್ದು ಬೀದಿಗೆ ಬೀದಿಯೇ ಉರಿದಾಗ, ಆಕಾಶ ಹೀಗೇ ಕೆಂಪೇರಿತ್ತು. ಗಂಡ ಬದರೀನಾಥ ಇನ್ನೂ ಕಾರ್ಖಾನೆಯಲ್ಲಿದ್ದ.

"ಬೇಗ ಶೂ ಹಾಕ್ಕೋ ಸುಮಿ, ಎಲ್ಲೋ ಬೆಂಕಿ ಬಿದ್ದಿದೆ."

"ವೇರ್ ಆರ್ ವಿ ಗೋಯಿಂಗ್, ಅಮ್ಮ?"

ಎಲ್ಲಿಗೆಂದು ಜಯಾಳಿಗೂ ಗೊತ್ತಿರಲಿಲ್ಲ. ಹಿತ್ತಿಲಿಗೆ ಬಂದರೆ, ಬೇಲಿಯಾಚೆ ಪಕ್ಕದ ಮನೆಯ ಕಪ್ಪು ಮುದುಕ ವಿಲ್ಕಿನ್ಸ್ ರಬ್ಬರ್ ಪೈಪು ಹಿಡಿದು ತನ್ನ ಮನೆಯ ಮಾಡಿಗೆ ನೀರು ಹೊಡೆಯುತ್ತಿದ್ದ. ಆ ಗಲಭೆಯಲ್ಲಿ ಅವನ ಕ್ಷೌರದಂಗಡಿ ಸುಟ್ಟುಹೋಗಿತ್ತೆಂದು ಬದರಿ ಹೇಳಿದ್ದ. ಆದರೂ ಕಪ್ಪು ಜನರೆಂದರೆ ಜಯಾಳಿಗೆ ಅಂದಿನಿಂದ ಅಂಜಿಕೆ. ಅವನನ್ನು ಕಂಡಾಗಲೆಲ್ಲ ತಲೆಯಾಡಿಸಿ ಒಳಗೆ ಹೋಗಿಬಿಡುತ್ತಿದ್ದಳು.

ಅಷ್ಟರಲ್ಲಿ ಕೆಂಪಿನ ನಡುವಿನಿಂದ ಹಸಿರು ಗೆರೆಗಳೆದ್ದು ಸದ್ದಿಲ್ಲದೆ ಅಲುಗತೊಡಗಿದವು. ಹೊಗೆಯಿರಲಿಲ್ಲ, ಸೈರನ್ ಇರಲಿಲ್ಲ. ಮುದುಕನ ಕೈಯಿಂದ ಪೈಪು ಜಾರಿ ಹುಲ್ಲಿನ ಮೇಲೆ ಬಿತ್ತು.

"ಬೆಂಕಿಯಲ್ಲ ಮೇಡಂ, ನಾರ್ದರ್ನ್ ಲೈಟ್ಸ್, ಧ್ರುವದ ಕಡೆ ಆಕಾಶದಲ್ಲಿ ತಾನಾಗಿ ಮೂಡುವ ಬೆಳಕು," ಎಂದ ಇಂಗ್ಲಿಷಿನಲ್ಲಿ. ನೀರು ನಿಲ್ಲಿಸಿ ಬೇಲಿಯ ಬಳಿಗೆ ಬಂದ. "ಮತ್ತೆ ಗಲಭೆ ಶುರುವಾಯಿತು ಅಂದುಕೊಂಡೆ."

"ನಾನೂ," ಎಂದಳು ಜಯಾ. ಇಷ್ಟು ವರ್ಷ ಈ ಮನುಷ್ಯನೂ ತನ್ನ ಹಾಗೇ ಹೆದರಿಕೊಂಡು ಬದುಕಿರಬಹುದೆಂದು ಅವಳಿಗೆ ಹೊಳೆದೇ ಇರಲಿಲ್ಲ. ಮಗಳನ್ನು ಎತ್ತಿಕೊಂಡು, ಬೇಲಿಯ ಬಾಗಿಲು ತೆರೆದು ಅವನ ಹಿತ್ತಿಲಿಗೆ ಹೋದಳು. ಅಲ್ಲಿಂದ ಆಕಾಶ ಇನ್ನೂ ಚೆನ್ನಾಗಿ ಕಾಣುತ್ತಿತ್ತು.