ಅರವತ್ತೆರಡು ಮಿಲಿಲೀಟರ್

"ಥೂ! ಇದಕ್ಕ ಕೆಲಸ ಅಂತಾರೇನೋ?"

ಡಾ. ವಿದ್ಯಾಶ್ರೀ ತಮ್ಮ ವಿದ್ಯಾರ್ಥಿ ಅಯ್ಯೂಬನ ಪ್ರಯೋಗದ ಪುಸ್ತಕವನ್ನು ಮೇಜಿನ ಮೇಲೆ ಒಗೆದರು. ಮೂರು ತಿಂಗಳಿಂದ ಇದೇ ರಗಳೆ. ಇದ್ದಿಲು ಪುಡಿಗೆ ಗ್ಯಾಸ್ ಹೊರಡಿಸುವ ನಿಕಲ್ ನ್ಯಾನೊ ಕಣ ಅಂಟಿಸಿ, ದ್ರಾವಣಕ್ಕೆ ಹಾಕಿ, ಐದು ನಿಮಿಷದಲ್ಲಿ ಎಷ್ಟು ಹೈಡ್ರೋಜನ್ ಹೊರಟಿತೆಂದು ಅಳೆಯಬೇಕು. ವಿದ್ಯಾಶ್ರೀಯವರ ಪಿಎಚ್‌ಡಿ ಪ್ರಬಂಧದಲ್ಲಿ ಅರವತ್ತೆರಡು ಮಿಲಿಲೀಟರ್. ಇವನದು ಹನ್ನೊಂದು. ಮತ್ತೆ ಮಾಡಿದರೂ ಹನ್ನೊಂದು.

ನಾಳೆ ಪಿಎಚ್‌ಡಿ ಪ್ರಗತಿ ನೋಡುವ ಸಮಿತಿಯವರು ಗದಗಿಗೆ ಬರುತ್ತಾರೆ. ಮಲ್ಲಸಮುದ್ರದಿಂದ ದಿನಾ ಸೈಕಲ್ ತುಳಿದು ಬಂದ ಅಯ್ಯೂಬನ ಮೂರು ವರ್ಷ ಉಳಿಯುವುದೋ ಮಣ್ಣಾಗುವುದೋ, ಎಲ್ಲ ವಿದ್ಯಾಶ್ರೀಯವರ ಸಹಿಯ ಮೇಲಿತ್ತು. ನೋಂದಣಿ ರದ್ದು ಮಾಡುವ ಪತ್ರ ಆಗಲೇ ಸಿದ್ಧವಾಗಿತ್ತು.

"ಮೇಡಮ್ರಿ, ಹೊಸಾ ಫ್ಲಾಸ್ಕ್ ತಂದು, ಆ್ಯಸಿಡ್ ಹಾಕಿ ತೊಳದು ಮಾಡೇನ್ರಿ."

"ಭಾರಿ ಶಾಣ್ಯಾ ಅದಿ! ತೊಳದ್ರ ಪಿಎಚ್‌ಡಿ ಬರೂದಾದ್ರ, ನಮ್ಮ ಮನಿ ಭಾಂಡೆ ತಿಕ್ಕೂ ಮಾಳವ್ವಗ ಎಂದೋ ಬರ್ತಿತ್ತು. ಸರಿ ಆಕಡೆ!"

ಅವರು ಕಪಾಟಿನಿಂದ ತಮ್ಮ ಹಳೆಯ ಫ್ಲಾಸ್ಕ್ ತೆಗೆದರು. ಡಾಕ್ಟರೇಟ್ ಕೊಡಿಸಿದ ಫ್ಲಾಸ್ಕ್ ಅದು. ವರ್ಷಾನುಗಟ್ಟಲೆ ನಿಕಲ್ ಕಂಡು ಒಳಗೆಲ್ಲ ಕರಿ ಪದರ ಕಟ್ಟಿತ್ತು. ನೀರಾಡಿಸಿ ಇಡುತ್ತಿದ್ದರೇ ಹೊರತು ಯಾರಿಗೂ ಮುಟ್ಟಗೊಡುತ್ತಿರಲಿಲ್ಲ. ದ್ರಾವಣ ಸುರಿದು, ಅಯ್ಯೂಬನ ಮೇಜಿನ ಮೇಲಿದ್ದ ಕರಿ ಪುಡಿಯ ಬಾಟಲಿಗೆ ಕೈ ಹಾಕಿದರು.

"ಮೇಡಮ್ರಿ, ಅದು..."

"ಬಾಯಿ ಮುಚ್ಚು. ಮಾಡೋ ಕೈ ಮಾಡಿದ್ರ ಎಷ್ಟು ಗ್ಯಾಸ್ ಬರತೈತಿ, ಕಣ್ತುಂಬ ನೋಡು."

ಪುಡಿ ಬಿತ್ತು. ಗುಳ್ಳೆಗಳು ಬುಳುಬುಳು ಎದ್ದವು. ನೀರು ತುಂಬಿ ಬೋರಲು ಹಾಕಿದ್ದ ಅಳತೆ ಜಾಡಿಗೆ ಗ್ಯಾಸ್ ಏರಿದಂತೆ ನೀರು ಕೆಳಗಿಳಿಯಿತು. ಇಪ್ಪತ್ತು. ನಲವತ್ತು. ಐದು ನಿಮಿಷಕ್ಕೆ ಸರಿಯಾಗಿ ಅರವತ್ತೆರಡು.

ವಿದ್ಯಾಶ್ರೀ ಅವನ ಪುಸ್ತಕದಲ್ಲೇ ಅಂಕಿ ಬರೆದರು. ತಾರೀಖು ಹಾಕಿ ಸಹಿ ಮಾಡಿದರು. ಸಮಿತಿಯವರ ಕಣ್ಣಿಗೆ ಬೀಳಲೆಂದು ಕೆಳಗೆ ಎರಡು ಗೆರೆ ಎಳೆದರು. ಹೇಸಿಗೆಯಿಂದ ಪುಸ್ತಕವನ್ನು ಅವನತ್ತ ತಳ್ಳಿದರು.

"ಆತು. ಈಗ ಬೊಗಳು, ಏನಂತಿದ್ದಿ?"

ಅಯ್ಯೂಬ ಬಾಟಲಿ ತಿರುಗಿಸಿ ಅದಕ್ಕೆ ಅಂಟಿಸಿದ್ದ ಚೀಟಿ ತೋರಿಸಿದ.

"ಹೋಲಿಸಿ ನೋಡಾಕಂತ ಇಟ್ಟಿದ್ದ ಬರೇ ಇದ್ದಿಲ್ರಿ ಅದು, ನಿಕಲ್ ಒಂದ ಕಣಾನೂ ಇಲ್ಲ. ಅರವತ್ತೆರಡು ಕೊಟ್ಟಿದ್ದು ನಿಮ್ಮ ಫ್ಲಾಸ್ಕಿಗೆ ಹತ್ತಿದ ಹೊಲಸು, ಮೇಡಮ್ರಿ."